ಅರ್ಧ ಟಿಕೆಟ್ಟಿನ ಬ್ಯಾಂಕು

ಮಾರ್ಚ್ ಬಂತೆಂದರೆ ಬ್ಯಾಂಕಿನವರು ಠೇವಣಿ ಕೊಡಿ ಎಂದು ಮನೆಮನೆಗೆ ಹೋಗುತ್ತಾರೆ. ನಾನು ದುಡಿದ ಸಹಕಾರಿ ಬ್ಯಾಂಕಿನಲ್ಲಿ, ನನ್ನ ನಿವೃತ್ತಿಗೆ ಮೊದಲಿನ ಮಾರ್ಚಿನಲ್ಲಿ, ಇಟ್ಟ ಠೇವಣಿಯನ್ನು ದಯವಿಟ್ಟು ತೆಗೆದುಕೊಂಡು ಹೋಗಿ ಎಂದು ಜನರನ್ನು ಕೇಳಿಕೊಂಡೆವು. ಕೇಳಿದವರಿಗೆ ಸಂಬಳ ಇತ್ತು, ಕೇಳಿಸಿದವರಿಗೆ ಸಭಾಭತ್ಯೆ ಇತ್ತು. ಅದರ ಬೆಲೆ ತೆತ್ತದ್ದು ಒಬ್ಬ ಪಿಗ್ಮಿ ಸಂಗ್ರಾಹಕಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆಯಬೇಕೆಂದು ಕುಳಿತಿದ್ದೇನೆ. ಸಿಟ್ಟು ಇಳಿದ ಮೇಲೆ ನಾವು ಬರೆಯುವುದೆಲ್ಲ ಸನ್ಮಾನ ಪತ್ರದ ಹಾಗೆ ಆಗುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವರು ಮೊನ್ನೆ ಮನೆಗೆ ಬಂದಿದ್ದರು. ತರಬೇತಿಯಲ್ಲಿ ನಾಲ್ಕು ಮಾತು ಆಡಬೇಕು, ವಿಷಯ ‘ಸಾರ್ಥಕ ಸೇವೆ’ ಎಂದರು. ನನ್ನಿಂದಾಗುವುದಿಲ್ಲ ಎಂದೆ. ನಾನು ಯಾವಾಗ ಗುಮಾಸ್ತನಾದೆ, ಯಾವಾಗ ಅಧಿಕಾರಿಯಾದೆ ಎಂಬುದರಿಂದ ನಿಮಗೆ ಯಾವ ಉಪಯೋಗವೂ ಇಲ್ಲ. ಆ ಮಾರ್ಚಿನ ಈ ಕಥೆಯಿಂದ ಇರಬಹುದು.

ಮೊದಲೇ ಒಂದು ಮಾತು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವಾಗ, ಹೇಳಿದವನು ಯಾರು, ಅವನಿಗೆ ಹೇಗೆ ಗೊತ್ತು ಎಂದು ಕೇಳುವ ಅಭ್ಯಾಸ ಹತ್ತಿಕೊಂಡಿತು. ಆ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿ ಕೇಳಿ ಕೊನೆಗೆ ನನಗೆ ನಾನೇ ಕೇಳಿಕೊಳ್ಳುವ ಹಾಗಾಯಿತು. ಕಚೇರಿಯಲ್ಲಿ ಇದು ತಮಾಷೆಯ ವಸ್ತುವಾಗಿತ್ತು. ನಮ್ಮ ಅಧ್ಯಕ್ಷರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಯೂನಿವರ್ಸಿಟಿ’ ಎನ್ನುತ್ತಿದ್ದರು. ‘ನಮ್ಮ ಯೂನಿವರ್ಸಿಟಿಗೆ ಪುನಃ ಸಂಶಯ ಬಂದಿದೆ’ ಎಂದರೆ ನಿರ್ದೇಶಕರೆಲ್ಲ ನಗುತ್ತಿದ್ದರು. ಅಧ್ಯಕ್ಷರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮ ಸಿಟ್ಟು ಅವರೊಬ್ಬರ ಮೇಲೆ ನಿಂತುಬಿಡುತ್ತದೆ. ಅಂಥವರು ಎಲ್ಲ ಬ್ಯಾಂಕಿನಲ್ಲೂ ಇದ್ದಾರೆ.

ಬ್ಯಾಂಕಿನ ಗಾತ್ರ ನೋಡಿ ನಿಯಮ ಮಾಡುವ ಪದ್ಧತಿಗೆ ನಾನು ವಿರೋಧಿಯಾಗಿರಲಿಲ್ಲ. ವಿರೋಧಿಯಲ್ಲ, ಅದರ ಪರವಾಗಿ ಜಗಳ ಆಡಿದವನು. ಅದಕ್ಕೊಂದು ಕಾರಣ ಉಂಟು. ಹಿಂದೆ ನಗರದ ದೊಡ್ಡ ಸಹಕಾರಿ ಬ್ಯಾಂಕಿಗೂ ನಮಗೂ ಬಹುಮಟ್ಟಿಗೆ ಒಂದೇ ನಿಯಮಗಳಿದ್ದವು. ನಮ್ಮದು ದರ್ಬೆಯಲ್ಲಿ ಪ್ರಧಾನ ಕಚೇರಿ, ಸುಳ್ಯದಲ್ಲಿ, ಕಡಬದಲ್ಲಿ, ಆಲಂಕಾರಿನಲ್ಲಿ ಶಾಖೆ. ಆಲಂಕಾರಿನ ಶಾಖೆ ಎಂದರೆ ವರ್ಗೀಸ್ ಎಂಬವರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ತನ್ನ ಪಟ್ಟಿ ಹಿಡಿದುಕೊಂಡು, ಪ್ರಕೃತಿ ವಿಕೋಪವಾದರೆ ಈ ಶಾಖೆಯ ವ್ಯವಹಾರವನ್ನು ಯಾವ ಪರ್ಯಾಯ ಕೇಂದ್ರಕ್ಕೆ ವರ್ಗಾಯಿಸುತ್ತೀರಿ ಎಂದು ಕೇಳಿದರು. ಅಲ್ಲಿನ ಗುಮಾಸ್ತ ಯೋಚಿಸಿ, ‘ಕೆಳಗೆ ವರ್ಗೀಸಣ್ಣನ ಅಂಗಡಿ ಉಂಟು ಸಾರ್’ ಎಂದ. ಅಧಿಕಾರಿ ಬರೆದುಕೊಂಡರು. ವರದಿಯಲ್ಲಿ ಅದು ‘ಪರ್ಯಾಯ ಕೇಂದ್ರ: ನೆಲ ಅಂತಸ್ತು’ ಎಂದು ಬಂತು. ಅದಕ್ಕೆ ಅನುಸರಣಾ ವರದಿ ಬರೆಯುತ್ತಾ ನಾನು ಎಷ್ಟೋ ದಿನ ಹಾಳುಮಾಡಿದೆ. ಆ ಕೋಪದಿಂದಲೇ, ಸಣ್ಣ ಬ್ಯಾಂಕಿಗೆ ಸಣ್ಣ ನಿಯಮ, ದೊಡ್ಡದಕ್ಕೆ ದೊಡ್ಡದು ಇರಬೇಕೆಂದು ಸಿಕ್ಕಿದ ಕಡೆಯಲ್ಲೆಲ್ಲ ವಾದಿಸಿದೆ.

ಕೊನೆಗೆ ಹಾಗೆಯೇ ಆಯಿತು. ಬ್ಯಾಂಕುಗಳ ನಿಯಂತ್ರಣ ಮಾಡುವ ಮೇಲಿನವರು ನಗರ ಸಹಕಾರಿ ಬ್ಯಾಂಕುಗಳನ್ನು ಠೇವಣಿಯ ಮೊತ್ತ ನೋಡಿ ನಾಲ್ಕು ಶ್ರೇಣಿ ಮಾಡಿದರು. ನಮ್ಮಂಥ ಬ್ಯಾಂಕಿಗೆ ನೂರು ಕೋಟಿಯವರೆಗೆ ಮೊದಲ ಶ್ರೇಣಿ. ಅಲ್ಲಿ ನಿಯಮ ಹಗುರ. ದಾಟಿದರೆ ಎರಡನೆಯದು. ಅಲ್ಲಿ ಬಂಡವಾಳ ಹೆಚ್ಚು ಬೇಕು, ಅದನ್ನು ಹೊಂದಿಸಲು ಸಮಯವನ್ನೂ ಕೊಟ್ಟಿದ್ದರು. ಜೊತೆಗೆ ಲೆಕ್ಕ, ಕಾನೂನು, ಕೃಷಿ ಬಲ್ಲವರನ್ನು ಸೇರಿಸಿ ಒಂದು ಆಡಳಿತ ಮಂಡಳಿ ಮಾಡಬೇಕು. ನಮ್ಮ ಬ್ಯಾಂಕು ಆಗ ನೂರು ಕೋಟಿಯ ಗೆರೆಯ ಹತ್ತಿರ ಬಂದಿತ್ತು. ಜನ ನಂಬಿ ದುಡ್ಡು ಇಟ್ಟದ್ದರಿಂದ ಬೆಳೆದಿತ್ತು. ಇದನ್ನು ನಾನು ನಿರ್ದೇಶಕರಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಸಂತೋಷದ ಸುದ್ದಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಬಂಡವಾಳದ ವಿಷಯದಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಆಡಳಿತ ಮಂಡಳಿ ಎಂದದ್ದೇ ತಡ, ಎಲ್ಲರೂ ನೆಟ್ಟಗೆ ಕುಳಿತರು.

‘ನಮ್ಮ ತಲೆ ಮೇಲೆ ಇನ್ನೊಂದು ಬೋರ್ಡಾ?’ ಎಂದರು ಅಧ್ಯಕ್ಷರು.

ತಲೆಯ ಮೇಲಲ್ಲ, ಜೊತೆಗೆ ಎಂದೆ. ಸಾಲ ಕೊಡುವಾಗ ಅವರೂ ನೋಡುತ್ತಾರೆ, ಅಷ್ಟೆ ಎಂದೆ. ಆ ‘ಅಷ್ಟೆ’ಯೇ ಅವರಿಗೆ ಬೇಡವಾದದ್ದು. ಯಾರಿಗೆ ಸಾಲ ಎಂಬುದನ್ನು ಚಹಾ ಕುಡಿಯುತ್ತಾ ತೀರ್ಮಾನಿಸುವ ಕೋಣೆಯಲ್ಲಿ ಲೆಕ್ಕ ಬಲ್ಲ ಹೊರಗಿನವನೊಬ್ಬ ಕುಳಿತರೆ ಚಹಾದ ರುಚಿ ಹೋಗುತ್ತದೆ.

ಅಧ್ಯಕ್ಷರು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಓದಿ, ‘ಅಂದ್ರೆ ಇದು ಬಸ್ಸಿನಲ್ಲಿ ಅರ್ಧ ಟಿಕೆಟ್ ಇದ್ದ ಹಾಗೆ ಅಲ್ವಾ? ಹಾಗಾದ್ರೆ ನಾವು ಅರ್ಧ ಟಿಕೆಟ್‌ನಲ್ಲೇ ಇರುವ ಮಾರಾಯ್ರೆ. ಪೂರಾ ಯಾಕೆ ಕೊಡುದು?’ ಎಂದರು. ಎಲ್ಲರೂ ನಕ್ಕರು. ಬಹುಶಃ ನಾನೂ ನಕ್ಕಿರಬೇಕು. ನೆನಪಿಲ್ಲ.

ಸುಳ್ಯದ ಬಸ್ಸಿನಲ್ಲಿ ನೀವು ನೋಡಿರಬಹುದು. ಮೀಸೆ ಚಿಗುರುವ ಹುಡುಗನನ್ನು ತಾಯಿ ಮಡಿಲಲ್ಲಿ ಕೂರಿಸಿ, ಕಾಲು ಮಡಚಿಸಿ, ಕಂಡಕ್ಟರ್ ಬಂದಾಗ ‘ಸಣ್ಣವ’ ಎನ್ನುತ್ತಾಳೆ. ನಮ್ಮ ಬ್ಯಾಂಕನ್ನು ಹಾಗೆ ಕೂರಿಸಲು ಹೊರಟೆವು. ಶ್ರೇಣಿ ನಿರ್ಧಾರವಾಗುವುದು ಮಾರ್ಚ್ ಕೊನೆಯ ಲೆಕ್ಕದ ಮೇಲೆ. ಆದ್ದರಿಂದ ಆ ದಿನ ಠೇವಣಿ ಕಡಿಮೆ ಇದ್ದರಾಯಿತು. ಮೊದಲು ದೊಡ್ಡ ಠೇವಣಿದಾರರನ್ನು ಕಂಡು, ಏಪ್ರಿಲ್‌ನಲ್ಲಿ ವಾಪಸು ತನ್ನಿ ಎಂದು ಹೇಳಿ ಹಣ ಕೊಟ್ಟು ಕಳುಹಿಸಿದೆವು. ನೆಲ್ಯಾಡಿ ಕಡೆಯ ಒಬ್ಬ ರಬ್ಬರ್ ಕೃಷಿಕರು ನಮ್ಮ ಪ್ರತಿನಿಧಿಯನ್ನು ಕೂರಿಸಿ, ಚಹಾ ಕೊಟ್ಟು, ‘ನನ್ನ ದುಡ್ಡಿನಲ್ಲಿ ಎಂತ ದೋಷ ಉಂಟು ಹೇಳಿ’ ಎಂದು ಕೇಳಿದರಂತೆ. ಅಷ್ಟು ಮಾಡಿಯೂ ಲೆಕ್ಕ ಗೆರೆಯ ಅಂಚಿನಲ್ಲೇ ಇತ್ತು. ಆಗ ಯಾರಿಗೋ ದಿನವೂ ಬಂದು ಸೇರುವ ಪಿಗ್ಮಿಯ ದುಡ್ಡು ನೆನಪಾಯಿತು.

ಪಿಗ್ಮಿಯ ಬಗ್ಗೆ ಹೊಸಬರಿಗೆ ಸ್ವಲ್ಪ ಹೇಳಬೇಕು. ಈಗ ಫೋನಿನಲ್ಲೇ ಎಲ್ಲ ಆಗುತ್ತದೆ ಎಂದು ನೀವು ಅದನ್ನು ಹಳೆಯ ಕಾಲದ ಪದ್ಧತಿ ಎಂದುಕೊಂಡಿದ್ದೀರಿ. ಪಿಗ್ಮಿ ಸಂಗ್ರಾಹಕರು ದಿನವೂ ಅಂಗಡಿಗೆ ಹೋಗಿ ಅಷ್ಟೋ ಇಷ್ಟೋ ತೆಗೆದುಕೊಂಡು ಬರುತ್ತಾರೆ. ಮೊದಲು ಕಾರ್ಡಿನಲ್ಲಿ ಬರೆಯುತ್ತಿದ್ದರು, ಆಮೇಲೆ ಚೀಟಿ ಬರುವ ಸಣ್ಣ ಮಿಷನ್ ಬಂತು. ಇದು ಉಳಿತಾಯ ಎಂದು ನಾವು ಪುಸ್ತಕದಲ್ಲಿ ಬರೆಯುತ್ತೇವೆ. ಪೇಟೆಗೆ ಅದು ಬೇರೆಯೇ. ಬ್ಯಾಂಕಿನ ಜಮಾಖರ್ಚನ್ನು ಅಂಗಡಿಯವರು ಓದುವುದಿಲ್ಲ. ಪಿಗ್ಮಿಯವರು ಇವತ್ತು ಬಂದರೋ ಇಲ್ಲವೋ ಎಂದು ನೋಡುತ್ತಾರೆ. ಬಂದರೆ ಬ್ಯಾಂಕು ಉಂಟು.

ನಮಗೆ ಪಿಗ್ಮಿ ಹೆಚ್ಚು ಬರುತ್ತಿದ್ದದ್ದು ಆಲಂಕಾರು ಪೇಟೆಯಿಂದ. ಅಲ್ಲಿನ ಸಂಗ್ರಾಹಕಿ ಲೀಲಾವತಿ. ಮನೆ ರಾಮಕುಂಜದ ಕಡೆ. ಸಂಬಳ ಇಲ್ಲ, ಸಂಗ್ರಹದ ಮೇಲೆ ಕಮಿಷನ್. ಅದರಲ್ಲೇ ಮನೆ ನಡೆಯುತ್ತಿತ್ತು. ಅವರಿಗೆ ಫೋನು ಹೋದಾಗ ನಾನು ಅಧ್ಯಕ್ಷರ ಕೋಣೆಯಲ್ಲಿದ್ದೆ. ಬೆಳಿಗ್ಗೆ ಎಂದು ನನ್ನ ನೆನಪು. ಸಂಜೆ ಎಂದು ಲೀಲಾವತಿ ಹೇಳುತ್ತಾರೆ. ಅವರೇ ಸರಿ ಇರಬೇಕು. ಅಧ್ಯಕ್ಷರಿಗೆ ಒಂದು ಅಭ್ಯಾಸ ಇತ್ತು. ಒಳ್ಳೆಯ ಅಪ್ಪಣೆಗಳಿಗೆ ಸಹಿ ಹಾಕುತ್ತಿದ್ದರು, ಕೆಟ್ಟವನ್ನು ಬಾಯಲ್ಲಿ ಹೇಳುತ್ತಿದ್ದರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, ಯಾವುದೋ ಕಾಗದಗಳಿಗೆ ಸಹಿ ಮಾಡುತ್ತಲೇ ಮಾತಾಡಿದರು.

‘ಲೀಲಕ್ಕಾ, ನಾಳೆಯಿಂದ ಪೇಟೆಗೆ ಹೋಗುದು ಬೇಡ. ಏಪ್ರಿಲ್ ಆಗ್ಲಿ.’

ಅವರು ಏನೆಂದು ಕೇಳಿದರು, ಕಾರಣ ಕೇಳಿದರು. ಇವರು ಮುಂದಿನ ಕಾಗದ ಎಳೆದುಕೊಂಡರು. ಆಗ ಲೀಲಾವತಿ, ‘ಅಂಗಡಿಯವರು ಕೇಳಿದ್ರೆ ಎಂತ ಹೇಳುದು?’ ಎಂದರು.

‘ಹುಷಾರಿಲ್ಲ ಹೇಳಿ.’

ಇಷ್ಟು ನನಗೆ ನೆನಪಿದೆ. ನೆನಪಿದೆಯೇ ಎಂದು ಆಮೇಲೆ ನೂರಾರು ಸಲ ಕೇಳಿಕೊಂಡಿದ್ದೇನೆ.

ಆಲಂಕಾರಿನಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಇಂಥ ಸಲಹೆ ಕೊಡುತ್ತಾರೆಯೇ? ದಿನವೂ ಅಂಗಡಿಗೆ ಬರುವ ಹೆಂಗಸು ಹುಷಾರಿಲ್ಲ ಎಂದರೆ ಜನ ಸುಮ್ಮನಿರುವುದಿಲ್ಲ. ನೋಡಲು ಹೋಗುತ್ತಾರೆ. ವರ್ಗೀಸರೂ ಹೋಟೆಲಿನವರೂ ಬ್ರೆಡ್ಡು, ಕಿತ್ತಳೆ ಹಿಡಿದುಕೊಂಡು ರಾಮಕುಂಜಕ್ಕೆ ಹೋದರು. ಲೀಲಾವತಿ ಅಂಗಳದಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಅವರನ್ನು ಕಂಡದ್ದೇ ಒಳಗೆ ಹೋಗಿ ಮಲಗಿದರಂತೆ. ಇದನ್ನು ಆಮೇಲೆ ನನಗೆ ಅವರೇ ಹೇಳಿ, ‘ಮಲಗಿದ್ದು ದೊಡ್ಡ ತಪ್ಪಾಯ್ತು ಸಾರ್, ಹಪ್ಪಳದ ಹಿಟ್ಟು ಕೈಯಲ್ಲೇ ಉಂಟು’ ಎಂದರು. ಬಂದವರು ಬ್ರೆಡ್ಡು, ಕಿತ್ತಳೆ ಇಟ್ಟು ಹೋದರು. ಅದೇ ವಾರ ದೊಡ್ಡವರ ಠೇವಣಿಯನ್ನು ಬ್ಯಾಂಕೇ ವಾಪಸು ಕೊಟ್ಟ ಸುದ್ದಿಯೂ ಬಂದಿತ್ತು. ಎರಡನ್ನೂ ಸೇರಿಸಿ ಪೇಟೆ ತೀರ್ಮಾನಕ್ಕೆ ಬಂತು: ಬ್ಯಾಂಕು ಮುಳುಗುತ್ತಿದೆ, ದೊಡ್ಡವರಿಗೆ ಮೊದಲೇ ಕೊಟ್ಟು ಕಳುಹಿಸಿದ್ದಾರೆ, ಲೀಲಾವತಿಗೆ ಮುಖ ತೋರಿಸಲು ಆಗುತ್ತಿಲ್ಲ.

ಪೇಟೆಯವರ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ತೀರ್ಮಾನಿಸುತ್ತಿದ್ದೆ. ತರ್ಕದಲ್ಲಿ ದೋಷ ಇರಲಿಲ್ಲ. ಬ್ಯಾಂಕು ಬೆಳೆದುಬಿಡುತ್ತದೆಂದು ಹೆದರಿ ಬ್ಯಾಂಕಿನವರೇ ಹಣ ಓಡಿಸುತ್ತಿದ್ದಾರೆ ಎಂದು ಬುದ್ಧಿ ಇರುವ ಯಾರಾದರೂ ಊಹಿಸಬಹುದೇ?

ಮರುದಿನ ಆಲಂಕಾರು ಶಾಖೆಯ ಮೆಟ್ಟಿಲಿನಿಂದ ರಸ್ತೆಯವರೆಗೆ ಜನ. ದರ್ಬೆಯಿಂದ ನನ್ನ ಕೈಯಲ್ಲಿ ಹಣ ಕೊಟ್ಟು ಕಳುಹಿಸಿದರು. ಕೇಳಿದವರಿಗೆಲ್ಲ ಕೊಟ್ಟೆವು. ಕೊಟ್ಟಷ್ಟೂ ಜನರ ಅನುಮಾನ ಹೆಚ್ಚಾಯಿತು. ಮರುದಿನ ಕಡಬದಲ್ಲೂ ಸಾಲು ನಿಂತಿತು. ಆಲಂಕಾರಿನಲ್ಲಿ ವರ್ಗೀಸರು ತಮ್ಮದೇ ಕಟ್ಟಡದ ಮೆಟ್ಟಿಲಲ್ಲಿ ಸಾಲಿನಲ್ಲಿ ನಿಂತು, ಸರದಿ ಬಂದಾಗ ಹಣ ತೆಗೆಯುವ ಚೀಟಿ ಕೊಡದೆ ನನ್ನ ಮುಖ ನೋಡಿದರು. ಅವರ ತಂದೆ ಕೇರಳದಿಂದ ಬಂದು ಇಲ್ಲಿ ರಬ್ಬರ್ ಮಾಡಿದವರು. ಇವರ ಕನ್ನಡದಲ್ಲಿ ಇನ್ನೂ ಸ್ವಲ್ಪ ಮಲಯಾಳ ಇದೆ, ಲೀಲಕ್ಕ ಇವರಿಗೆ ಲೀಲೇಚ್ಚಿ.

‘ಲೀಲೇಚ್ಚಿಗೆ ಎಂತ ಆಗಿದೆ ಸಾರೇ?’ ಎಂದು ಕೇಳಿದರು.

ಬ್ಯಾಂಕಿಗೆ ಏನೂ ಆಗಿಲ್ಲ ಎಂದೆ.

‘ಬ್ಯಾಂಕಿಗೆ ಎಂತದೂ ಆಗ್ಲಿಲ್ಲ. ಲೀಲೇಚ್ಚಿಗೂ ಎಂತದೂ ಆಗ್ಲಿಲ್ಲ, ನಾನೇ ನೋಡಿ ಬಂದದ್ದು. ಮತ್ತೆ ಇಬ್ಬರೂ ಯಾಕೆ ಅಂಗಡಿಗೆ ಬರುದಿಲ್ಲ?’

ನನ್ನಲ್ಲಿ ಉತ್ತರ ಇತ್ತು. ಅದನ್ನು ಹೇಳಿದರೂ ಅವರು ನಂಬುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ಸಾಲು ಕರಗಿತು. ಕೇಳಿದವರಿಗೆ ಹಣ ಸಿಕ್ಕಿದ ಮೇಲೆ ಗಾಬರಿಗೆ ಕೆಲಸ ಇರಲಿಲ್ಲ. ಮಾರ್ಚ್ ಕೊನೆಗೆ ಠೇವಣಿ ಗೆರೆಗಿಂತ ಎಷ್ಟೋ ಕೆಳಗೆ ಇಳಿದಿತ್ತು. ಅಧ್ಯಕ್ಷರು ಬಯಸಿದ್ದು ಆಯಿತು. ಆದರೆ ಸಾಲು ನಿಂತ ಸುದ್ದಿ ಮೇಲಿನವರೆಗೂ ಹೋಗಿ, ಕಾರಣ ಕೇಳಿ ಪತ್ರ ಬಂದಿತ್ತು. ಕಾರಣವಾಗಿ ಒಬ್ಬರು ಬೇಕಿತ್ತು. ಗ್ರಾಹಕರಲ್ಲಿ ಗಾಬರಿ ಹಬ್ಬಿಸಿದ್ದಕ್ಕಾಗಿ ಲೀಲಾವತಿಯವರ ಏಜೆನ್ಸಿ ರದ್ದು ಮಾಡಲಾಗಿದೆ ಎಂದು ಆದೇಶ ಹೊರಟಿತು. ಹೋಗಬೇಡಿ ಎಂದದ್ದು ಬಾಯಲ್ಲಿ. ತೆಗೆದುಹಾಕಿದ್ದು ಮೊಹರು ಹಾಕಿದ ಕಾಗದದಲ್ಲಿ.

ನಾನು ಅಧ್ಯಕ್ಷರ ಬಳಿ ಹೋಗಿ ಕೇಳಿದೆ. ಅವರು ಗಾಬರಿಯಾಗಲಿಲ್ಲ. ‘ನಾನು ಕಡಿಮೆ ಮಾಡಿ ಅಂದದ್ದು. ಹೋಗುದೇ ಬೇಡ ಅಂತ ಯಾರು ಹೇಳಿದ್ದು? ನಿಮಗೆ ನಿನ್ನೆ ಊಟಕ್ಕೆ ಎಂತ ಇತ್ತು ಅಂತ ನೆನಪಿರುದಿಲ್ಲ ಯೂನಿವರ್ಸಿಟಿ’ ಎಂದರು. ನನ್ನನ್ನು ಎಲ್ಲಿ ಹಿಡಿಯಬೇಕೆಂದು ಅವರಿಗೆ ಗೊತ್ತಿತ್ತು. ಹೊರಗೆ ಬಂದು ಗಂಟೆಗಟ್ಟಲೆ ಅದನ್ನೇ ಯೋಚಿಸಿದೆ. ಕಡಿಮೆ ಮಾಡಿ ಎಂದಿರಬಹುದೇ? ಸಿಟ್ಟಿನಲ್ಲಿ ನಾನು ಮಾತು ಬದಲಿಸಿಕೊಂಡೆನೇ? ಸಂಶಯ ಪಡುವವನ ಪಾಡು ಇದು. ಸುಳ್ಳು ಹೇಳುವವನು ಗಟ್ಟಿಯಾಗಿ ಹೇಳುತ್ತಾನೆ, ಇವನು ತನ್ನನ್ನೇ ಪಾಟೀಸವಾಲು ಮಾಡಿಕೊಳ್ಳುತ್ತಾನೆ.

ರಾಮಕುಂಜಕ್ಕೆ ಹೋದೆ. ಅಧ್ಯಕ್ಷರು ಫೋನಿನಲ್ಲಿ ಏನು ಹೇಳಿದರೆಂದು ನಾನು ಬಾಯಿ ಬಿಡದೆ, ಲೀಲಾವತಿಯೇ ಹೇಳಲಿ ಎಂದು ಕಾದೆ. ಹೋಗುದು ಬೇಡ, ಏಪ್ರಿಲ್ ಆಗಲಿ, ಹುಷಾರಿಲ್ಲ ಹೇಳಿ. ಮೂರೂ ಅದೇ ಕ್ರಮದಲ್ಲಿ ಬಂದವು. ಅವರಿಗೆ ಹೋದದ್ದು ಕಮಿಷನ್ ಮಾತ್ರ ಅಲ್ಲ. ಬೇರೆ ಎರಡು ಸೊಸೈಟಿಗಳಲ್ಲಿ ಕೇಳಿ ಬಂದಿದ್ದರು. ದಿನವೂ ಇನ್ನೊಬ್ಬರ ದುಡ್ಡು ಕೈಯಲ್ಲಿ ಹಿಡಿಯುವ ಕೆಲಸಕ್ಕೆ, ಬ್ಯಾಂಕು ಆರೋಪ ಹೊರಿಸಿ ತೆಗೆದವರನ್ನು ಯಾರು ಸೇರಿಸಿಕೊಳ್ಳುತ್ತಾರೆ? ಹೆಸರು ಸರಿಯಾಗದೆ ಕೆಲಸ ಇಲ್ಲ.

‘ಮಹಾಸಭೆಯಲ್ಲಿ ನಾನು ಕೇಳ್ತೇನೆ. ನನ್ನದೂ ಒಂದು ಶೇರು ಉಂಟು’ ಎಂದರು. ‘ಆಗ ನೀವು ಹೇಳ್ತೀರಾ?’

ನೆನಪಿರುವಷ್ಟು ಹೇಳುತ್ತೇನೆ ಎಂದೆ.

‘ಅದರಲ್ಲಿ ಪುನಃ ಕಡಿಮೆ ಮಾಡ್ಬೇಡಿ ಸಾರ್.’

ನಮ್ಮ ಮಹಾಸಭೆಯ ಕ್ರಮ ನಿಮಗೆ ಗೊತ್ತಿರಬೇಕು. ವರದಿ ಓದುವಾಗಲೇ ಹಿಂದಿನಿಂದ ಸಾಂಬಾರಿನ ಪರಿಮಳ ಬರುತ್ತದೆ. ಪ್ರಶ್ನೋತ್ತರ ಊಟದ ಹೊತ್ತಿಗೆ ಸರಿಯಾಗಿ ಬರುವಂತೆ ಕಾರ್ಯಕ್ರಮ ಹೊಂದಿಸಿರುತ್ತಾರೆ. ಯಾರಾದರೂ ಎದ್ದು ನಿಂತರೆ ‘ಬಡಿಸಿದ್ದಾರೆ, ಬನ್ನಿ’ ಎಂದರೆ ಮುಗಿಯಿತು. ನನ್ನ ಸೇವೆಯುದ್ದಕ್ಕೂ ಕಠಿಣ ಪ್ರಶ್ನೆಗಳನ್ನೆಲ್ಲ ಕಡ್ಲೆಬೇಳೆ ಪಾಯಸದಲ್ಲಿ ಮುಳುಗಿಸಿದ್ದನ್ನು ನೋಡಿದ್ದೇನೆ. ಆ ವರ್ಷ ಅಧ್ಯಕ್ಷರು ನಮ್ಮ ಬ್ಯಾಂಕು ಮೊದಲ ಶ್ರೇಣಿಯಲ್ಲೇ ಮುಂದುವರಿದಿದೆ ಎಂದು ಓದಿದರು. ಸಭೆ ಚಪ್ಪಾಳೆ ತಟ್ಟಿತು. ಮೊದಲ ಶ್ರೇಣಿ ಎಂದರೆ ಅತಿ ಸಣ್ಣದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲೀಲಾವತಿ ಎದ್ದು ನಿಂತು, ‘ನನ್ನನ್ನು ಯಾಕೆ ತೆಗೆದದ್ದು ಅಂತ ಸಭೆಗೆ ಹೇಳಿ’ ಎಂದರು. ಧ್ವನಿವರ್ಧಕ ಅವರ ಬಳಿಗೆ ಬರಲಿಲ್ಲ. ಅದಿಲ್ಲದೆಯೂ ಕೇಳಿಸಿತು.

ಅಧ್ಯಕ್ಷರು ಕಾರಣ ಆದೇಶದಲ್ಲಿದೆ ಎಂದರು. ಬಡಿಸಿದ್ದಾರೆ ಎಂದರು. ಮುಂದಿನ ಸಾಲುಗಳು ಏಳತೊಡಗಿದವು. ಆಲಂಕಾರಿನವರು ಹಿಂದೆ ಒಟ್ಟಿಗೆ ಕುಳಿತಿದ್ದರು. ಅವರು ಏಳಲಿಲ್ಲ. ವರ್ಗೀಸರು ಕುಳಿತಲ್ಲಿಂದಲೇ, ‘ಊಟ ನಾವು ಮನೆಯಲ್ಲೂ ಮಾಡ್ತೇವೆ. ಲೀಲೇಚ್ಚಿಗೆ ಅಂಗಡಿಗೆ ಹೋಗ್ಬೇಡಿ ಅಂದದ್ದು ಯಾರು? ಅದು ಹೇಳಿ’ ಎಂದರು. ಎದ್ದವರಲ್ಲಿ ಕೆಲವರು ಪುನಃ ಕುಳಿತರು.

‘ಯಾರೂ ಹಾಗೆ ಹೇಳಿಲ್ಲ’ ಎಂದರು ಅಧ್ಯಕ್ಷರು.

ಲೀಲಾವತಿ ನನ್ನ ಕಡೆ ಕೈ ತೋರಿಸಿದರು. ನಾನು ವೇದಿಕೆಯ ಮೂಲೆಯಲ್ಲಿ ಅಧಿಕಾರಿಗಳ ಸಾಲಿನಲ್ಲಿದ್ದೆ. ಎದ್ದೆ. ಅಧ್ಯಕ್ಷರು ನಗುತ್ತಾ, ಇವರಿಗೆ ಎಲ್ಲದರಲ್ಲೂ ಸಂಶಯ, ಇವರನ್ನೇ ಸಾಕ್ಷಿ ಕೇಳುದಾ ಎಂದರು. ಕೆಲವರು ನಕ್ಕರು. ಆ ನಗು ನನಗೆ ಉಪಕಾರ ಮಾಡಿತು. ಹೌದು, ನನಗೆ ಸಂಶಯಗಳಿವೆ ಎಂದು ಶುರುಮಾಡಿದೆ. ಬೆಳಿಗ್ಗೆಯೋ ಸಂಜೆಯೋ ಗೊತ್ತಿಲ್ಲ. ವಾರ ಗೊತ್ತಿಲ್ಲ. ಅವರು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದರು ಎಂಬುದೂ ಗೊತ್ತಿಲ್ಲ. ಆದರೆ ಪೇಟೆಗೆ ಹೋಗುವುದು ಬೇಡ, ಕೇಳಿದರೆ ಹುಷಾರಿಲ್ಲ ಎಂದು ಹೇಳಿ ಎಂದು ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಬ್ಯಾಂಕು ಗೆರೆ ದಾಟಬಾರದೆಂದು ಹಾಗೆ ಮಾಡಿದ್ದು. ಲೀಲಾವತಿ ಗಾಬರಿ ಹಬ್ಬಿಸಲಿಲ್ಲ. ಹೇಳಿದ ಹಾಗೆ ಮನೆಯಲ್ಲಿ ಕುಳಿತರು.

‘ಹುಷಾರಿಲ್ಲ’ ಎಂಬ ಮಾತು ಕೇಳಿದಾಗ ಆಲಂಕಾರಿನವರಲ್ಲಿ ಒಬ್ಬರು ‘ಹಾಗಾದ್ರೆ ನಮ್ಮ ಕಿತ್ತಳೆಯ ದುಡ್ಡು ಬ್ಯಾಂಕು ಕೊಡ್ಲಿ’ ಎಂದರು. ಈಗ ಎಲ್ಲರೂ ನಕ್ಕರು, ಆದರೆ ಈ ನಗು ಬೇರೆ ಕಡೆಗೆ ತಿರುಗಿತ್ತು. ಪರಿಶೀಲಿಸುತ್ತೇವೆ ಎಂದರು ಅಧ್ಯಕ್ಷರು. ಪರಿಶೀಲಿಸುವುದು ಬೇಡ, ಈಗಲೇ ಕೈ ಎತ್ತಿಸಿ ಎಂದರು ವರ್ಗೀಸರು. ಸಹಕಾರಿ ಬ್ಯಾಂಕಿನಲ್ಲಿ ಎಷ್ಟು ಶೇರು ಇದ್ದರೂ ಒಬ್ಬರಿಗೆ ಒಂದೇ ಮತ. ಅಧ್ಯಕ್ಷರಿಗೂ ಒಂದು, ಲೀಲಾವತಿಗೂ ಒಂದು. ಈ ಮಾತನ್ನು ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತೇವೆ. ಅದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಆರೋಪ ಹಿಂತೆಗೆದುಕೊಂಡು ಏಜೆನ್ಸಿ ವಾಪಸು ಕೊಡಬೇಕೆಂದು ತೀರ್ಮಾನವಾಯಿತು. ಆಮೇಲೆ ಊಟಕ್ಕೆ ಹೋದರು. ಪಾಯಸ ಆರಿತ್ತು.

ಇದನ್ನು ಗೆಲುವಿನ ಕಥೆ ಎಂದುಕೊಳ್ಳಬೇಡಿ. ಅಧ್ಯಕ್ಷರು ಕುರ್ಚಿಯಲ್ಲೇ ಉಳಿದರು. ನನ್ನ ಬೀಳ್ಕೊಡುಗೆಯಲ್ಲಿ ನನಗೆ ಶಾಲು ಹೊದಿಸಿದ್ದೂ ಅವರೇ. ಗಾತ್ರ ನೋಡಿ ನಿಯಮ ಮಾಡುವವರ ಮೇಲೂ ನನಗೆ ಈಗ ಸಿಟ್ಟಿದೆ. ಗೆರೆಯ ಕೆಳಗೆ ಇರುವುದೇ ಸುಖ ಎಂದಾದರೆ ಬೆನ್ನು ಬಗ್ಗಿಸಿ ನಿಲ್ಲುವವರು ಇರುತ್ತಾರೆ; ಬಗ್ಗಿದ ಬೆನ್ನಿನ ಭಾರ ಯಾರ ಮೇಲೆ ಬೀಳುತ್ತದೆಂದು ಮೇಲಿನಿಂದ ಕಾಣುವುದಿಲ್ಲ. ಆದರೆ ಅವರ ಮೇಲೆ ಇರುವುದು ಕಾಲು ಭಾಗ ಸಿಟ್ಟು. ಉಳಿದದ್ದು ಬಗ್ಗಿದವರ ಮೇಲೆ.

ನಿವೃತ್ತಿಯಾದ ಮರುವರ್ಷ ಮಾರ್ಚಿನಲ್ಲಿ ಲೀಲಾವತಿಯ ಫೋನು ಬಂತು. ಠೇವಣಿ ಪುನಃ ತುಂಬಿ ಗೆರೆಯ ಹತ್ತಿರ ಬಂದಿತ್ತು ಎಂದು ನನಗೆ ಗೊತ್ತಿತ್ತು. ಹಿನ್ನೆಲೆಯಲ್ಲಿ ಕಬ್ಬಿಣದ ಸರಳು ಇಳಿಸುವ ಸದ್ದು ಕೇಳುತ್ತಿತ್ತು.

‘ಅಧ್ಯಕ್ಷರು ಫೋನು ಮಾಡಿದ್ರು ಸಾರ್. ಸ್ವಲ್ಪ ದಿನ ಹೋಗುದು ಬೇಡ ಅಂತೆ.’

ನೀವೇನು ಹೇಳಿದಿರಿ ಎಂದು ಕೇಳಿದೆ.

‘ಬರೆದು ಕೊಡಿ ಹೇಳಿದೆ.’

ಕೊಟ್ಟರೇ ಎಂದೆ.

‘ಇಲ್ಲ. ನಾನು ವರ್ಗೀಸಣ್ಣನ ಅಂಗಡಿಯಲ್ಲಿದ್ದೇನೆ. ಇನ್ನೂ ಅರ್ಧ ಪೇಟೆ ಬಾಕಿ ಉಂಟು, ಫೋನು ಇಡ್ತೇನೆ’ ಎಂದರು.